ಈ ವಾರ ಯಾವ ಕವಿ?

ಬನಹಟ್ಟಿಯ ಅಕ್ಕನ ಮನೆಗೆ ಫೋನ್ ಹಚ್ಚಿದರೆ ಮಳೆ-ಬೆಳೆ ವಿಚಾರಿಸುವ ಮೊದಲೇ ನಾನು ಕೇಳುವುದು, "ಈ ವಾರ ಯಾವ ಕವಿ ಇಳದಾರ?" ಅಕ್ಕನೂ ತಯಾರಿರುತ್ತಾಳೆ. "ಹ್ವಾದ ವಾರ ನರಸಿಂಹಸ್ವಾಮಿ ಇದ್ರು ತಮ್ಮಾ, ಭಾಳ ಛಲೋ. ಹುಡುಗ ನಕ್ಕೋತ ಅಡ್ಡಾಡ್ತಿದ್ದ, ತಲಿ ನೆಟ್ಟಗ ಬಾಚಕೊಂತಿದ್ದ. ಈಗ ಅಡಿಗರು ಬಂದಾರ ನೋಡು, ಊಟಾನ ಮಾಡವಲ್ಲ!"

ಅಳಿಯ ಪಿಯುಸಿ ಹುಡುಗ. ಲೈಬ್ರರಿಯಿಂದ ಯಾರ ಪುಸ್ತಕ ತಂದನೋ ಆ ವಾರ ಅವರೇ ಮನೆಯ ಯಜಮಾನರು. ಕುವೆಂಪು ಬಂದಾಗ ಬನಹಟ್ಟಿ ತುಂಬ ದಟ್ಟ ಕಾಡು, ಹಿಡಿದು ಬಿಡದ ಜಡಿಮಳೆ. ಕಿಟಕಿಯಾಚೆ ನೋಡಿದರೆ ಡಾಂಬರು ಕರಗುವ ಬಿಸಿಲು. ಬೇಂದ್ರೆ ಬಂದಾಗ ಇನ್ನೂ ಫಜೀತಿ. ಅವರು ಅಂಬಿಕಾತನಯದತ್ತ ಎಂದು ಬರೆದದ್ದು ತಿಳಿದು, ಇವನೂ ಅವ್ವನ ಹೆಸರಿಗೊಂದು 'ತನಯ' ಹಚ್ಚಿ ನೋಟ್‌ಬುಕ್ಕಿನ ಮೇಲೆ ಕೆಂಪು ಶಾಯಿಯಲ್ಲಿ ಬರೆದ. ಅಕ್ಕ ಕಂಡಿಕೆ ಸುತ್ತುವುದನ್ನು ಬಿಟ್ಟು ಎದ್ದು ಬಂದಳು. "ಅಲ್ಲೋ, ಪರೀಕ್ಷಾದಾಗ ಫೇಲ್ ಆದ್ರ ನಿಮ್ಮಪ್ಪನ ಹೆಸರು, ಪದ್ಯಾ ಕೆಟ್ರ ನನ್ನ ಹೆಸರಾ?"

ಆ ನೋಟ್‌ಬುಕ್ಕನ್ನು ನಾನು ಕದ್ದು ಓದಿದ್ದೇನೆ. ಪುಟಕ್ಕೊಮ್ಮೆ ತುಂಗೆ ಹರಿಯುತ್ತಾಳೆ. ರಬಕವಿಯ ಮಗ್ಗುಲಲ್ಲೇ ಇರುವ ಕೃಷ್ಣೆಗೆ ಮಾತ್ರ ಅಲ್ಲಿ ಪ್ರವೇಶವಿಲ್ಲ. ಪಡಸಾಲೆಯಲ್ಲಿ ಪವರ್‌ಲೂಮಿನ ಲಾಳಿ ಹೊತ್ತು ಮುಳುಗಿದರೂ ಖಟಪಟ ಅನ್ನುತ್ತಿರುತ್ತದೆ. ಕವಿಗಳಿಗೆ ಅದೂ ಕೇಳಿಸಿಲ್ಲ. ಕನ್ನಡದ ಮೇಷ್ಟ್ರು "ಸ್ವಂತದ್ದು ಏನೈತೋ ಇದರಾಗ?" ಅಂದರಂತೆ. ಹುಡುಗ ಎರಡು ದಿನ ಮುಖ ಇಳಿಬಿಟ್ಟ. (ಅಡಿಗರ ವಾರವಾದ್ದರಿಂದ ಮನೆಯಲ್ಲಿ ಯಾರಿಗೂ ವ್ಯತ್ಯಾಸ ಗೊತ್ತಾಗಲಿಲ್ಲ.)

ಆದರೆ ಮುಧೋಳದ ಸೀಮೆಯಲ್ಲಿ ನಿಂತು ಇಂಥ ಮಾತನ್ನು ಸ್ವಲ್ಪ ಮೆಲ್ಲಗೆ ಆಡಬೇಕು. ರನ್ನ ಹುಟ್ಟಿದ ನೆಲ ಇದು. ಬಳೆಗಾರರ ಮನೆಯ ಹುಡುಗ, ಹುಟ್ಟಿದ್ದು 949ರಲ್ಲಿ. ಬಳೆ ಮಾರಿಕೊಂಡು ಇರುವುದು ಬಿಟ್ಟು, ವಿದ್ಯೆ ಬೇಕೆಂದು ಶ್ರವಣಬೆಳಗೊಳದ ತನಕ ಹೋಗಿ ಅಜಿತಸೇನಾಚಾರ್ಯರ ಶಿಷ್ಯನಾದ. ಅವನು ಹುಟ್ಟುವ ಎಂಟು ವರ್ಷ ಮೊದಲೇ, 941ರಲ್ಲಿ, ಪಂಪ ಹದಿನಾಲ್ಕು ಆಶ್ವಾಸದ ಭಾರತವನ್ನು ಮುಗಿಸಿ ಕೂತಿದ್ದ. ನಮ್ಮ ಮುಧೋಳದವನು ಮಾಡಿದ್ದೇನು? ಸೀದಾ ಹದಿಮೂರನೆಯ ಆಶ್ವಾಸಕ್ಕೆ ಕೈಹಾಕಿ, ಅಷ್ಟನ್ನೇ ಹಿಗ್ಗಿಸಿ 'ಗದಾಯುದ್ಧ' ಕಟ್ಟಿದ. ಮೇಷ್ಟ್ರ ಕೈಗೆ ಸಿಕ್ಕಿದ್ದರೆ ಗತಿ ಏನಾಗುತ್ತಿತ್ತೋ!

ಕಿಲಾಡಿತನ ಇರುವುದು ಮುಂದೆ. ಪಂಪ ತನ್ನ ದೊರೆ ಅರಿಕೇಸರಿಯನ್ನು ಅರ್ಜುನನಾಗಿಸಿದ್ದ. ರನ್ನ ಅರ್ಜುನನನ್ನು ಪಕ್ಕಕ್ಕೆ ಸರಿಸಿ, ತನ್ನ ದೊರೆ ಸತ್ಯಾಶ್ರಯನಿಗೆ ಭೀಮನ ಪಾತ್ರ ಕೊಟ್ಟ. ದೊರೆಗೆ ಗೆಲುವು ಕೊಟ್ಟು, ಓದುವವರ ಕಣ್ಣೀರನ್ನೆಲ್ಲ ದುರ್ಯೋಧನನಿಗೆ ಕೊಟ್ಟ. ಸತ್ಯಾಶ್ರಯನಿಗೆ ಇದು ಗೊತ್ತಾಯಿತೋ ಇಲ್ಲವೋ. ಇಷ್ಟು ಮಾಡಿದವನಿಗೆ ಸಂಕೋಚ ಎಲ್ಲಿಯದು? ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಯ ಮೇಲೆ 'ಶ್ರೀ ಕವಿರತ್ನ' ಎಂಬ ಅಕ್ಷರಗಳಿವೆ, ರನ್ನನದೇ ಅನ್ನುತ್ತಾರೆ ವಿದ್ವಾಂಸರು. ಜಮಖಂಡಿ ಬಸ್ಸಿನ ಸೀಟಿನ ಬೆನ್ನಿಗೆ ಹೆಸರು ಕೊರೆಯುವ ಹುಡುಗರನ್ನು ಬೈಯುವಾಗ ನನಗೆ ಈ ಬಂಡೆ ಅಡ್ಡ ಬರುತ್ತದೆ.

ಕುವೆಂಪು ಏನು ಕಡಿಮೆಯೇ? ಇಂಗ್ಲಿಷ್ ಕವಿಗಳನ್ನು ಓದಿ ಓದಿ ಇಂಗ್ಲಿಷಿನಲ್ಲೇ ಹಾಡಿ, 1922ರಲ್ಲಿ 'ಬಿಗಿನರ್ಸ್ ಮ್ಯೂಸ್' ಅಂತ ಪುಸ್ತಕವನ್ನೂ ತಂದಿದ್ದರು. ಮುಂದೆ ಮೈಸೂರಿಗೆ ಬಂದ ಐರಿಷ್ ಕವಿ ಜೇಮ್ಸ್ ಕಸಿನ್ಸ್, ನಿನ್ನ ಭಾಷೆಯಲ್ಲಿ ಏನು ಬರೆದಿದ್ದೀ ಎಂದು ಕೇಳಬೇಕಾಯಿತು. ಬನಹಟ್ಟಿಗೆ ಐರಿಷ್ ಕವಿಯನ್ನು ಎಲ್ಲಿಂದ ತರೋಣ? ಸೋದರಮಾವನೇ ಆ ಕೆಲಸಕ್ಕೆ ನಿಂತೆ. "ತುಡುಗು ಮಾಡು, ಆದ್ರ ರನ್ನನಂಗ ಮಾಡು. ಮಳಿ ಕುವೆಂಪು ಅವರದ ಇರಲಿ, ಬನಹಟ್ಟ್ಯಾಗ ಬೀಳಲಿ, ನೋಡೂಣು" ಅಂದೆ.

ಮಳೆ ಬೀಳಲಿಲ್ಲ. ಆದರೆ ನರಸಿಂಹಸ್ವಾಮಿಯವರ ಕಡೆಯ ಒಬ್ಬ ನಾಯಕಿ ರಬಕವಿ ರಸ್ತೆಗೆ ಬಂದಳು. ಇನ್ನೇನು ಕಣ್ಣಿಗೆ ಕಣ್ಣು ಕೂಡಬೇಕು, ನಡುವೆ ನುಗ್ಗಿತು ಎರಡು ಟ್ರೇಲರಿನ ಕಬ್ಬಿನ ಟ್ರ್ಯಾಕ್ಟರು, ಕಿವಿ ಹರಿಯುವಂತೆ ಹಾಡು ಹಚ್ಚಿಕೊಂಡು. ಎರಡನೆಯ ಟ್ರೇಲರು ದಾಟುವುದರೊಳಗೆ ಆಕೆ ಮನೆ ಮುಟ್ಟಿದ್ದಳು. ಪದ್ಯ ಅಲ್ಲಿಗೇ ಮುಗಿದಿತ್ತು. ನಾನು ಇನ್ನೊಮ್ಮೆ ಓದಿಸಿದೆ.

ಹುಡುಗನಿಗೆ ಏರಿತು. "ಮಾಮಾ, ರನ್ನಗ ಚಾವುಂಡರಾಯ ಇದ್ದ, ಅತ್ತಿಮಬ್ಬೆ ಇದ್ಲು. ಪುಸ್ತಕ ಅಚ್ಚ ಹಾಕ್ಸಾಕ ನನಗ್ಯಾರ ಅದಾರ?" ಓದಿಕೊಂಡೇ ಬಂದಿದ್ದ ಖದೀಮ: ಆಶ್ರಯ ಕೊಟ್ಟವರ ನೆನಪಿಗೆ ರನ್ನ ಮಗನಿಗೆ ರಾಯ, ಮಗಳಿಗೆ ಅತ್ತಿಮಬ್ಬೆ ಎಂದೇ ಹೆಸರಿಟ್ಟಿದ್ದ. "ನೀವು ರೊಕ್ಕಾ ಕೊಡ್ರಿ ಮಾಮಾ, ನನ್ನ ಮಗಗ ನಿಮ್ಮ ಹೆಸರ ಇಡ್ತೀನಿ."

ಒಳಗೆ ರೊಟ್ಟಿ ಬಡಿಯುವ ಸಪ್ಪಳ ನಿಂತಿತು.

"ಮಗಾನಾ? ಯಾರಕಿನೋ ಆಕಿ? ಟ್ರ್ಯಾಕ್ಟರ್ ಆಚೀಕಡಿ ಇದ್ದಾಕಿನ ಏನು?"