ಎರಡಿಂಚು ದೊಡ್ಡದೇ ಇರಲಿ

ಮೇ ಕೊನೆಯ ವಾರ ಯೂನಿಫಾರಂ ಅಂಗಡಿಯ ಮುಂದೆ ನಿಂತರೆ ತಾಯಂದಿರ ಬಾಯಲ್ಲಿ ಕೇಳುವುದು ಒಂದೇ ಮಂತ್ರ: "ಬೆಳೆಯೋ ಮಗು, ಎರಡಿಂಚು ದೊಡ್ಡದೇ ಇರ್ಲಿ." ಇದನ್ನು ಜಿಪುಣತನವೆಂದು ತಿಳಿದವರಿಗೆ ಶಾಸ್ತ್ರ ಗೊತ್ತಿಲ್ಲ. ಆರನೇ ವಯಸ್ಸಿನಿಂದ ಹತ್ತರವರೆಗೆ ಮಕ್ಕಳು ವರ್ಷಕ್ಕೆ ಸುಮಾರು 5ರಿಂದ 6 ಸೆಂಟಿಮೀಟರ್ ಎತ್ತರವಾಗುತ್ತಾರೆ. ಇಂಚಿಗೆ ತಿರುಗಿಸಿ ನೋಡಿ, ಎರಡರ ಆಸುಪಾಸು. ವೈದ್ಯರು ಪಟ್ಟಿ ಹಿಡಿದು ಅಳೆಯುವ ಮೊದಲೇ ಅಮ್ಮಂದಿರು ಲಂಗದ ಅಂಚನ್ನು ಒಳಕ್ಕೆ ಮಡಿಸಿ ಹೊಲಿಸಿ ಆಗಿತ್ತು. ಈ ವಯಸ್ಸಿನಲ್ಲಿ ಮುಂಡಕ್ಕಿಂತ ಕಾಲು ಬೇಗ ಬೆಳೆಯುತ್ತದೆ. ಷರ್ಟು ಇನ್ನೂ ಜೋಲಾಡುತ್ತಿರುವಾಗಲೇ ಪ್ಯಾಂಟು ಕಣಕಾಲು ಬಿಟ್ಟು ಮೇಲೇರಿರುವುದು ಅದಕ್ಕೇ. ದರ್ಜಿಯನ್ನು ಬೈದು ಫಲವಿಲ್ಲ.

ನಮ್ಮ ಕಾಲದ ಹೆಡ್ಮಾಸ್ತರರಿಗೆ ಪಟ್ಟಿಯೂ ಬೇಕಿರಲಿಲ್ಲ. "ಬಲಗೈ ತಲೆ ಮೇಲಿಂದ ತಗೊಂಡು ಎಡಗಿವಿ ಮುಟ್ಟೋ" ಎನ್ನುತ್ತಿದ್ದರು. ಮುಟ್ಟಿದವನು ಒಂದನೇ ಕ್ಲಾಸು, ಮುಟ್ಟದವನು ಮನೆಗೆ. ಹಾಸ್ಯವಲ್ಲ, ಪರೀಕ್ಷೆ ಗಟ್ಟಿಯಾದದ್ದೇ. ಹುಟ್ಟಿದ ಕೂಸಿನ ಉದ್ದದಲ್ಲಿ ಕಾಲು ಭಾಗ ಬರೀ ತಲೆ. ಆರು ವರ್ಷದ ಹೊತ್ತಿಗೆ ಮಿದುಳು ದೊಡ್ಡವರ ಮಿದುಳಿನ ಗಾತ್ರದ ಶೇಕಡಾ 90ರಷ್ಟನ್ನು ಮುಟ್ಟಿ, ತಲೆ ಇನ್ನು ಸಾಕೆಂದು ನಿಧಾನಿಸುತ್ತದೆ. ಕೈ ಮಾತ್ರ ಉದ್ದವಾಗುತ್ತಲೇ ಹೋಗಿ ಒಂದು ದಿನ ಕಿವಿಗೆ ಎಟುಕುತ್ತದೆ. ಕಿವಿ ಸಿಕ್ಕ ಮೇಲೆ ಜನ್ಮದಿನಾಂಕವನ್ನು ಹೆಡ್ಮಾಸ್ತರರೇ ದಯಪಾಲಿಸುತ್ತಿದ್ದರು: ಜೂನ್ 1. ನನ್ನ ತಲೆಮಾರಿನಲ್ಲಿ ಅರ್ಧ ಕರ್ನಾಟಕ ಒಂದೇ ದಿನ ಹುಟ್ಟಿದ್ದು ಹೀಗೆ. ಈಗಲೂ ಒಂದನೇ ತರಗತಿಗೆ ಸರ್ಕಾರ ವಯಸ್ಸಿನ ಲೆಕ್ಕ ಹಾಕುವುದು ಜೂನ್ 1ಕ್ಕೇ. ನಮ್ಮ ಹುಟ್ಟುಹಬ್ಬಕ್ಕೆ ಸಿಕ್ಕ ರಾಜಮರ್ಯಾದೆಯೆಂದು ನಾವು ಬೀಗುತ್ತೇವೆ.

ಬಟ್ಟೆ ಗಿಡ್ಡವಾದರೆ ಒಳಮಡಿಕೆ ಬಿಚ್ಚಬಹುದು. ಆದರೆ ಅದೇ ವೇಗದಲ್ಲಿ ಗಿಡ್ಡವಾಗುವ ಇನ್ನೊಂದು ಸಾಮಾನು ಮನೆಯಲ್ಲಿದೆ: ದೊಡ್ಡವರ ಉಪಾಯಗಳು. ಅವಕ್ಕೆ ಒಳಮಡಿಕೆ ಇಟ್ಟು ಹೊಲಿಸಿದವರನ್ನು ನಾನು ಕಂಡಿಲ್ಲ.

ಹಾಲಿನ ವಿಷಯವನ್ನೇ ನೋಡಿ. ಮೊಮ್ಮಗನಿಗೆ ಐದು ತುಂಬುವವರೆಗೆ ನನ್ನ ಹೆಂಡತಿಯ ರಾಜ್ಯಭಾರ ಒಂದು ಅಗಲದ ಬಟ್ಟಲಿನ ಮೇಲೆ ನಡೆಯಿತು. "ಇಷ್ಟೊಂದು ಬೇಡ" ಎಂದು ಅವನು ಉದ್ದ ಲೋಟ ನೋಡಿ ಅಳುವುದು, "ಸರಿ, ಕಡಿಮೆ ಮಾಡ್ತೀನಿ" ಎಂದು ಅವಳು ಅಷ್ಟನ್ನೂ ಬಟ್ಟಲಿಗೆ ಸುರಿಯುವುದು, ಮಟ್ಟ ಇಳಿದದ್ದು ಕಂಡು ಅವನು ಗೆದ್ದವನಂತೆ ಪೂರ್ತಿ ಕುಡಿಯುವುದು. ಸ್ವಿಟ್ಜರ್ಲೆಂಡಿನ ಜಾನ್ ಪಿಯಾಜೆ (1896–1980) ಇದೇ ಸುರಿದಾಟ ಮಾಡಿ ಮನಶ್ಶಾಸ್ತ್ರದಲ್ಲಿ ಹೆಸರಾದ. ನನ್ನ ಹೆಂಡತಿಗೆ ಸಿಕ್ಕಿದ್ದು ತೊಳೆಯಲು ಇನ್ನೊಂದು ಪಾತ್ರೆ. ಏಳರ ಹೊತ್ತಿಗೆ ಈ ಉಪಾಯ ನಡೆಯುವುದಿಲ್ಲವೆಂದು ಪಿಯಾಜೆ ಬರೆದಿಟ್ಟಿದ್ದಾನೆ. ನಮ್ಮ ಹುಡುಗ ಅದನ್ನು ಓದದೆಯೂ ಪಾಲಿಸಿದ. ಒಂದು ಸಂಜೆ ಅಜ್ಜಿಯ ಮುಂದೆ ವಕೀಲನಂತೆ ಮೂರು ವಾದ ಇಟ್ಟ: "ನೀನು ಚೆಲ್ಲಲೇ ಇಲ್ಲವಲ್ಲ ಅಜ್ಜಿ, ಅದೇ ಹಾಲು. ಬಟ್ಟಲು ಗಿಡ್ಡ, ಆದ್ರೆ ಅಗಲ. ಬೇಕಾದ್ರೆ ವಾಪಸ್ ಲೋಟಕ್ಕೆ ಸುರಿ, ಅಷ್ಟೇ ಆಗುತ್ತೆ." ಈ ಮೂರೂ ವಾದಗಳು ಪಿಯಾಜೆಯ ಪುಸ್ತಕದಲ್ಲೂ ಇವೆ. ನನ್ನ ಹೆಂಡತಿ ಅಂದು ಮೇಲ್ಮನವಿ ಸಲ್ಲಿಸಲಿಲ್ಲ.

ಆದರೂ ಸೋತವರಿಗೆ ಸಣ್ಣದೊಂದು ಸಮಾಧಾನ ಉಂಟು. ಬುದ್ಧಿ ಎಲ್ಲ ಕಡೆಯೂ ಒಂದೇ ಸಲ ಬೆಳೆಯುವುದಿಲ್ಲ. ಹಾಲಿನಲ್ಲಿ ಗೆದ್ದ ಅದೇ ಹುಡುಗ ಚಪಾತಿ ಉಂಡೆ ಲಟ್ಟಿಸಿದ್ದು ನೋಡಿ "ತೆಳ್ಳಗಾಯ್ತು, ಅದಕ್ಕೆ ತೂಕ ಕಡಿಮೆ" ಎಂದ. ತೂಕದ ಸಂಗತಿ ಮಕ್ಕಳಿಗೆ ಹೊಳೆಯುವುದು ಒಂಬತ್ತರ ಸುಮಾರಿಗೆ. ಅಲ್ಲಿಗೆ ಆಗಲೇ ತಲುಪಿದ್ದ ಅಕ್ಕ ಹಣೆ ಚಚ್ಚಿಕೊಂಡಳು. ತಮ್ಮನ ಅಜ್ಞಾನದ ಬಗ್ಗೆ ಅಕ್ಕಂದಿರಿಗೆ ಎಲ್ಲ ವಯಸ್ಸಿನಲ್ಲೂ ಒಂದೇ ಅಭಿಪ್ರಾಯ.

ಹಾಲುಹಲ್ಲು ಬಿದ್ದಾಗಲೂ ಇದೇ ಪಾಡು. ಒಟ್ಟು ಇಪ್ಪತ್ತು; ಆರರಿಂದ ಹನ್ನೆರಡರ ತನಕ ಕಂತಿನಲ್ಲಿ ಬೀಳುತ್ತವೆ. ನಮ್ಮಲ್ಲಿ ಸಗಣಿಯಲ್ಲಿ ಮುಚ್ಚಿ ಹೆಂಚಿನ ಮೇಲೆ ಎಸೆಯುವ ಪದ್ಧತಿ. ಮೊದಲ ಹಲ್ಲಿಗೆ ಮೊಮ್ಮಗ ಸಗಣಿ ಎಲ್ಲಿ ಎಂದು ಕೇಳಿದ. ಪಾರ್ಕಿನಿಂದ ಮಣ್ಣು ತಂದು ಸುಧಾರಿಸಿದೆವು. ಮುಂದಿನ ಹಲ್ಲಿಗೆ, "ತಾತ, ನಾವಿರೋದು ನಾಲ್ಕನೇ ಮಹಡಿ. ಹೆಂಚೂ ಇಲ್ಲ, ಇದ್ರೂ ನಿನ್ನ ಕೈಯಲ್ಲಿ ಅಷ್ಟು ಎತ್ತರ ಎಸೆಯೋಕಾಗಲ್ಲ" ಎಂದ. ಅದರ ಮೇಲೆ ಇನ್ನೇನೂ ಕೇಳದೆ ಹಲ್ಲನ್ನು ಪೆನ್ಸಿಲ್ ಡಬ್ಬಿಗೆ ಹಾಕಿಕೊಂಡು ಶಾಲೆಗೆ ಒಯ್ದ. ಅಲ್ಲಿ ಅದರ ಬೆಲೆ ಎರಡು ರಬ್ಬರ್ ಎಂದು ಆಮೇಲೆ ತಿಳಿಯಿತು.

ಕಾನೂನು ಕಲಿಯುವುದು ಮಾತ್ರ ಆಟದಲ್ಲೇ. ಪಿಯಾಜೆ ಗೋಲಿಯಾಡುವ ಹುಡುಗರ ಜೊತೆ ಕುಳಿತು ಆಟದ ನಿಯಮ ಕೇಳಿ 1932ರಲ್ಲಿ ನೈತಿಕತೆಯ ಮೇಲೆ ಪುಸ್ತಕವನ್ನೇ ತಂದ. ಸಣ್ಣವರಿಗೆ ನಿಯಮವೆಂದರೆ ದೊಡ್ಡವರು ಮಾಡಿಟ್ಟದ್ದು, ಬದಲಿಸಕೂಡದು. ಆದರೆ ಪ್ರತಿ ನಿಮಿಷ ಮುರಿಯುತ್ತಾರೆ. ಹತ್ತು ದಾಟಿದವರಿಗೆ ನಿಯಮವೆಂದರೆ ಎಲ್ಲರೂ ಒಪ್ಪಿದರೆ ಬದಲಿಸಬಹುದಾದದ್ದು. ಬದಲಿಸಿದ ಮೇಲೆ ಪ್ರಾಣ ಹೋದರೂ ಮುರಿಯುವುದಿಲ್ಲ. ನಮ್ಮ ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ ಕ್ರಿಕೆಟ್ ನೋಡಬೇಕು. ಒನ್ ಪಿಚ್ ಕ್ಯಾಚ್ ಔಟು, ಕಾರಿಗೆ ತಾಗಿದರೆ ಔಟು, ಲೇಸು ಬಿಚ್ಚಿದರೆ 'ಟೈಂ ಪ್ಲೀಸ್', ಬ್ಯಾಟು ಹಿಡಿದು ಅಳುವ ಮೂರು ವರ್ಷದವನು ಆಟಕ್ಕುಂಟು ಲೆಕ್ಕಕ್ಕಿಲ್ಲ. ಅರ್ಧ ಗಂಟೆ ಚರ್ಚೆ, ಹತ್ತು ನಿಮಿಷ ಆಟ, ಎರಡು ಜೋಡಿಗಳ ನಡುವೆ 'ಟೂ', ಕತ್ತಲಾಗುವ ಮುನ್ನ ರಾಜಿ. ಅದೇ ಪಾರ್ಕಿಂಗಿನಲ್ಲಿ ಯಾರ ಕಾರು ಎಲ್ಲಿ ನಿಲ್ಲಬೇಕೆಂದು ನಮ್ಮ ಸಂಘ ವರ್ಷಗಳಿಂದ ಸಭೆ ಸೇರುತ್ತಿದೆ. ನಮ್ಮಲ್ಲಿ 'ಟೂ' ಬಿಡುವವರು ಬೇಕಾದಷ್ಟು ಜನ, ರಾಜಿಗೆ ಬರುವವರಿಲ್ಲ.

ನನಗೆ ಹೆಚ್ಚು ದಿಗಿಲು ಹುಟ್ಟಿಸಿದ್ದು ಮೊಮ್ಮಗಳ ಬೆಳವಣಿಗೆ. ಬೇರೆಯವರ ತಲೆಯಲ್ಲಿ ಬೇರೆ ಯೋಚನೆ ಇರಬಹುದೆಂಬುದು ನಾಲ್ಕೈದು ವರ್ಷಕ್ಕೇ ಮಕ್ಕಳಿಗೆ ತಿಳಿಯುತ್ತದೆ. ಶಾಲೆಗೆ ಸೇರಿ ಎರಡು ಮೂರು ವರ್ಷ ಕಳೆಯುವಷ್ಟರಲ್ಲಿ 'ಅವರು ಏನಂದುಕೊಂಡಿದ್ದಾರೆಂದು ಇವರು ಏನಂದುಕೊಂಡಿದ್ದಾರೆ' ಎಂಬವರೆಗೂ ಅವರ ಬುದ್ಧಿ ಇಳಿಯುತ್ತದೆ. ಸೋದರತ್ತೆ ತಂದ ಗಿಳಿಹಸಿರು ಫ್ರಾಕನ್ನು ಹಿಡಿದು "ಸೂಪರ್ ಆಗಿದೆ ಅತ್ತೆ" ಎಂದವಳು, ಅತ್ತೆ ಹೋದ ಮೇಲೆ ಅದನ್ನು ಬೀರುವಿನ ತಳಕ್ಕೆ ತುರುಕಿದಳು. ಹಿಂದಿನ ವರ್ಷವಾಗಿದ್ದರೆ ಅತ್ತೆಯ ಮುಖಕ್ಕೇ "ಥೂ" ಎನ್ನುತ್ತಿದ್ದಳು.

ಭಾನುವಾರಗಳಲ್ಲಿ ನಾನೂ ಅವಳೂ ಚೌಕಾಬಾರ ಆಡುತ್ತೇವೆ. ಚಿಕ್ಕವಳಿದ್ದಾಗ ಅವಳ ಕಾಯಿ ಹೊಡೆಯುವ ಅವಕಾಶ ಸಿಕ್ಕರೂ ಕಾಣದವನಂತೆ ಬೇರೆ ಕಾಯಿ ನಡೆಸಿ ಅವಳನ್ನು ಗೆಲ್ಲಿಸುತ್ತಿದ್ದೆ. ಇತ್ತೀಚೆಗೆ ಯಾಕೋ ನಾನೇ ಗೆಲ್ಲುತ್ತಿದ್ದೇನೆ. ಕವಡೆ ಒಲಿದಿದೆ ಎಂದು ಹೆಂಡತಿಯ ಮುಂದೆ ಜಂಬವನ್ನೂ ಕೊಚ್ಚಿಕೊಂಡೆ. ಮೊನ್ನೆ ಪಕ್ಕದ ಕೋಣೆಯಿಂದ ತಮ್ಮನಿಗೆ ಅವಳು ಮಾಡುತ್ತಿದ್ದ ಉಪದೇಶ ಕಿವಿಗೆ ಬಿತ್ತು: "ತಾತನ ಕಾಯಿ ಹೊಡೀಬೇಡ ಕಣೋ, ಬೇಜಾರು ಮಾಡ್ಕೋತಾರೆ. ನೋಡಲಿಲ್ಲ ಅನ್ನೋ ಥರ ಇರು."

ನನಗೆ ಗೊತ್ತಾಗಿದೆ ಎಂಬುದು ಅವಳಿಗೆ ಗೊತ್ತಿಲ್ಲ. ಗೊತ್ತಿದ್ದೂ ಗೊತ್ತಿಲ್ಲದಂತೆ ಇದ್ದಾಳೋ ಏನೋ, ಅದು ನನಗೆ ಗೊತ್ತಿಲ್ಲ. ಹೇಗಾದರೂ ಇರಲಿ, ಈ ಭಾನುವಾರವೂ ಗೆಲ್ಲುವವನು ನಾನೇ.