ಸೇರಿಗೆ ಸವ್ವಾಸೇರು

ಕಾರ್ತಿಕದ ಕಡೆಯ ಸೋಮವಾರ, ಬಸವನಗುಡಿಯ ಕಡಲೆಕಾಯಿ ಪರಿಷೆ. ರಾಶಿಯ ನೆತ್ತಿಯ ಮೇಲೆ ಬೋರಲು ಬಿದ್ದಿದ್ದ ತಗಡಿನ ಸೇರು, ವ್ಯಾಪಾರಿ ಟೀ ಕುಡಿಯಲು ಹೋದ ಸಮಯ ನೋಡಿ ಬಾಯಿಬಿಟ್ಟಿತು.

ಪ್ರಶ್ನೆ: ನಿಮ್ಮ ಘನಫಲ ಪೈ ಆರ್ ಸ್ಕ್ವೇರ್ ಎಚ್ ಅಂತ ಮಕ್ಕಳು ಬಾಯಿಪಾಠ ಮಾಡುತ್ತಾರೆ. ಒಪ್ಪುತ್ತೀರಾ?

ಸೇರು: ಅಂಚಿನವರೆಗೆ ಒಪ್ಪುತ್ತೇನೆ ಸ್ವಾಮಿ. ತ್ರಿಜ್ಯ 5 ಸೆಂಟಿಮೀಟರ್, ಎತ್ತರ 12.7; ಗುಣಿಸಿದರೆ ಹತ್ತಿರ ಹತ್ತಿರ ಒಂದು ಲೀಟರು. ಆದರೆ ಸಿಪ್ಪೆ ಸಮೇತ ಕಾಯಿ, ಕಾಯಿ ಕಾಯಿಯ ನಡುವೆ ಗಾಳಿ. ಗಾಳಿಗೂ ದುಡ್ಡು ಎಣಿಸುವ ಸೂತ್ರ ಅದು. ಯಾರಾದರೂ ನನ್ನನ್ನು ಒಮ್ಮೆ ಕುಲುಕಿದರೆ ವ್ಯಾಪಾರಿಯ ಮುಖ ಕಪ್ಪಿಡುತ್ತದೆ.

ಪ್ರಶ್ನೆ: ಅಳತೆಯಲ್ಲಿ ಮೋಸ ಮಾಡುವವರು ನಿಮ್ಮ ಎತ್ತರ ಕತ್ತರಿಸುತ್ತಾರಂತೆ?

ಸೇರು: ಹೆಡ್ಡರು ಮಾತ್ರ. ಎತ್ತರದಲ್ಲಿ ಅರ್ಧ ಸೆಂಟಿಮೀಟರ್ ಕದ್ದರೆ ಸಿಗುವುದು ನೂರಕ್ಕೆ 4. ತ್ರಿಜ್ಯದಲ್ಲಿ ಅದೇ ಅರ್ಧ ಕದ್ದು ನೋಡಿ, ನೂರಕ್ಕೆ 19! ಪರೀಕ್ಷೆಯಲ್ಲಿ ಸ್ಕ್ವೇರ್ ಮರೆತವನ ಅಂಕ ಹೋಗುತ್ತದೆ, ಪರಿಷೆಯಲ್ಲಿ ಮರೆತವನ ಕಾಯಿ.

ಪ್ರಶ್ನೆ: ತಳವನ್ನು ಒಳಕ್ಕೆ ಗುದ್ದುವುದೂ ಉಂಟಲ್ಲ? ಒಂದು ಸೆಂಟಿಮೀಟರ್ ಮೇಲೆ ಬಂದರೆ 78 ಘನ ಸೆಂಟಿಮೀಟರ್ ಮಾಯ.

ಸೇರು: (ತಳ ಮರೆಮಾಚುತ್ತಾ) ವೈಯಕ್ತಿಕ ಪ್ರಶ್ನೆಗಳು ಬೇಡ.

ಪ್ರಶ್ನೆ: ಸರಿ, ಪೂರ್ಣ ಮೇಲ್ಮೈ ವಿಸ್ತೀರ್ಣ?

ಸೇರು: ನನ್ನನ್ನು ಬಿಚ್ಚಿ ಹಾಸಿದರೆ ಒಂದು ಆಯತ, ಒಂದು ವೃತ್ತ. ಪುಸ್ತಕದವರು ಇನ್ನೊಂದು ವೃತ್ತ ಕೂಡಿಸುತ್ತಾರೆ. ಅದನ್ನು ನನ್ನ ಬಾಯಿಗೆ ಬಡಿದರೆ ಕಾಯಿ ಎಲ್ಲಿಂದ ತುಂಬುತ್ತೀರಿ? ತಗಡು ಕೆಲಸದವನು ಬೆಸುಗೆಗೆ ಬಿಡುವ ಮಡಿಕೆಯಂತೂ ಯಾವ ಸೂತ್ರದಲ್ಲೂ ಇಲ್ಲ. ಅದನ್ನು ಬಿಟ್ಟರೆ ನನಗೆ ಬೇಕಾದದ್ದು ಸುಮಾರು 478 ಚದರ ಸೆಂಟಿಮೀಟರ್. ತ್ರಿಜ್ಯ, ಎತ್ತರ ಎರಡೂ ಸುಮಾರು 6.8 ಇರುವ ಗಿಡ್ಡ ಸೇರಿಗೆ 440 ಸಾಕು. ಅಷ್ಟೇ ಹಿಡಿಯುವ ಬಾಯಿ ತೆರೆದ ಸಿಲಿಂಡರಿಗೆ ಅದಕ್ಕಿಂತ ಕಡಿಮೆ ತಗಡಾಗುವುದಿಲ್ಲ.

ಪ್ರಶ್ನೆ: ಮತ್ತೆ ಎಲ್ಲರೂ ಗಿಡ್ಡ ಸೇರನ್ನೇ ಯಾಕೆ ಇಟ್ಟುಕೊಳ್ಳುವುದಿಲ್ಲ?

ಸೇರು: ತಗಡು ಉಳಿಸಲು ಹೋಗಿ ಕಾಯಿ ಕಳೆದುಕೊಳ್ಳುವುದೇ? ಅಂಚಿನ ಮೇಲೆ ಗೋಪುರ ಕಟ್ಟುತ್ತಾರಲ್ಲ, ಅದು ಶಂಕು. ಇಳಿಜಾರು ಒಂದೇ ಇದ್ದರೆ ಅದು ಬೆಳೆಯುವುದು ತ್ರಿಜ್ಯದ ಘನದ ಲೆಕ್ಕದಲ್ಲಿ. ಗಿಡ್ಡನ ತಲೆಯ ಮೇಲೆ ನನ್ನದರ ಎರಡೂವರೆ ಪಟ್ಟು ಕೂರುತ್ತದೆ. ಗೋಪುರದ ಎತ್ತರ ತ್ರಿಜ್ಯದ ಮುಕ್ಕಾಲು ಬಂತೋ, ನಾನು ನೂರಕ್ಕೆ ಹತ್ತು ಹೆಚ್ಚು ಕೊಟ್ಟು ಕೈತೊಳೆದುಕೊಳ್ಳುತ್ತೇನೆ. ಅವನು ಸರಿಯಾಗಿ ಸವ್ವಾಸೇರು! ಅದಕ್ಕೇ ವ್ಯಾಪಾರಿಗೆ ನನ್ನಂಥ ತೆಳ್ಳಗಿನವರೆಂದರೆ ಪ್ರಾಣ.

ಪ್ರಶ್ನೆ: 1956ರ ಕಾಯ್ದೆ ಮೆಟ್ರಿಕ್ ಪದ್ಧತಿ ತಂದಿತು. ನೀವಿನ್ನೂ ಇಲ್ಲಿ?

ಸೇರು: ಲೀಟರು ಬಂದರೂ ಜನ ಕೇಳುವುದು ‘ಸೇರಿಗೆಷ್ಟು?’ ಅಂತಲೇ. ಹೊಸ ಸೊಸೆ ಹೊಸ್ತಿಲಲ್ಲಿ ಒದೆಯುವುದೂ ಅಕ್ಕಿ ತುಂಬಿದ ನನ್ನನ್ನೇ. ಲೀಟರು ಯಾವ ಮನೆಯಲ್ಲಿ ಒದೆಸಿಕೊಂಡಿದೆ, ಹೇಳಿ?

ಪ್ರಶ್ನೆ: ಕೊನೆಯದಾಗಿ, ಕೊಸರಿಗೆ ಸೂತ್ರ ಉಂಟೇ?

ಸೇರು: ಅದು ದನಿಯ ಮೇಲೆ. ‘ಇನ್ನೊಂದು ಹಿಡಿ ಹಾಕಪ್ಪ, ದಿನಾ ಬರ್ತೀವಿ’ ಅಂತ ವರ್ಷಕ್ಕೊಮ್ಮೆ ಬರುವ ಅಜ್ಜಿ ಗದರಿದರೆ ಎರಡು ಹಿಡಿ ಬೀಳುತ್ತದೆ. ಗಣಿತದ ಮೇಷ್ಟ್ರಿಗೆ ಒಂದು ಕಾಯಿಯೂ ಇಲ್ಲ. ಪಾಪ, ಅವರು ಪೈ ಬೆಲೆ 22/7 ಇಟ್ಟುಕೊಳ್ಳಲೋ 3.14 ಇಟ್ಟುಕೊಳ್ಳಲೋ ಅಂತ ಯೋಚಿಸುತ್ತಾ ನಿಂತಿರುತ್ತಾರೆ.