ತರೀಕೆರೆಯಲ್ಲಿ ರಣಹದ್ದು ಸಿಗುವುದಿಲ್ಲ

ಟಿಬೆಟ್ಟಿನ ಉತ್ತರಕ್ರಿಯೆ ಮತ್ತು ಕನ್ನಡದ ಫ್ಯಾನ್ ಫಿಕ್ಷನ್ ಎರಡರ ಬಗ್ಗೆಯೂ ಅಧಿಕಾರದಿಂದ ಮಾತಾಡಬಲ್ಲವರು ಕಡೂರು, ತರೀಕೆರೆ, ಅಜ್ಜಂಪುರ ಮೂರೂ ತಾಲ್ಲೂಕು ಜಾಲಾಡಿದರೂ ಒಬ್ಬರೇ ಸಿಗುತ್ತಾರೆ. ಹೇಳಿಕೊಳ್ಳಲು ಸಂಕೋಚ, ಆದರೆ ಅದು ನಾನೇ. ನನ್ನ ಅರ್ಹತೆಗಳನ್ನು ಕೇಳಿ. ಹೈಸ್ಕೂಲಿನ ಪ್ರವಾಸದಲ್ಲಿ ಟಿಬೆಟ್ಟಿನ ನಿರಾಶ್ರಿತರು ನೆಲೆಸಿದ ಬೈಲುಕುಪ್ಪೆ ನೋಡಿದ್ದೇನೆ, ಬಸ್ಸು ನಲವತ್ತು ನಿಮಿಷ ನಿಂತಿತ್ತು. ಚಳಿಗಾಲದ ಟಿಬೆಟಿಯನ್ ಸಾಲಂಗಡಿಯಲ್ಲಿ ಚೌಕಾಸಿ ಮಾಡಿ ಕೊಂಡ ಮರೂನ್ ಸ್ವೆಟರೊಂದು ಇನ್ನೂ ನನ್ನ ಹತ್ತಿರ ಇದೆ. ಮತ್ತು ನಾನು ಟಿಬೆಟ್ಟಿಗೆ ಹೋಗಿಲ್ಲ.

ಈ ಕೊನೆಯದನ್ನು ಕೊರತೆ ಅಂದುಕೊಂಡವರು ಈ ಕ್ಷೇತ್ರದ ಇತಿಹಾಸ ಓದಿಲ್ಲ. 1956ರಲ್ಲಿ ಲಂಡನ್ನಿನಲ್ಲಿ ‘ದಿ ಥರ್ಡ್ ಐ’ ಎಂಬ ಪುಸ್ತಕ ಬಂತು. ಬರೆದವರು ಲೋಬ್ಸಾಂಗ್ ರಂಪಾ ಎಂಬ ಲಾಮಾ. ಬಾಲ್ಯದಲ್ಲಿ ತಮ್ಮ ಹಣೆಗೆ ತೂತು ಕೊರೆದು ಮೂರನೇ ಕಣ್ಣು ತೆರೆಸಿದರೆಂದು ಅವರ ಆತ್ಮಕಥೆ ಹೇಳಿತು. ಪುಸ್ತಕ ಬಿಸಿ ಬಿಸಿ ಬೋಂಡದಂತೆ ಖರ್ಚಾಯಿತು. ವರ್ಷ ಕಳೆದ ಮೇಲೆ ಪತ್ತೇದಾರನೊಬ್ಬ ಹೋಗಿ ನೋಡಿದರೆ ಲಾಮಾ ಇಂಗ್ಲೆಂಡಿನ ಡೆವನ್ ಕಡೆಯವರು, ನಲ್ಲಿ ರಿಪೇರಿಯವರ ಮಗ, ಹೆಸರು ಸಿರಿಲ್ ಹಾಸ್ಕಿನ್. ಅವರು ಎದೆಗುಂದಲಿಲ್ಲ. ಗೂಬೆಯ ಫೋಟೋ ತೆಗೆಯಲು ಮರ ಹತ್ತಿ ಬಿದ್ದಾಗ ಲಾಮಾನ ಆತ್ಮ ತಮ್ಮೊಳಗೆ ಹೊಕ್ಕಿತೆಂದು ವಿವರಣೆ ಕೊಟ್ಟು, ಮುಂದಿನ ಪುಸ್ತಕಕ್ಕೆ ಕೈಹಾಕಿದರು. ನಮ್ಮ ಶಾಸ್ತ್ರಕ್ಕೆ ಅವರೇ ಮೂಲಪುರುಷರು. ನನಗೆ ಮರ ಹತ್ತಲು ಬರುವುದಿಲ್ಲ, ಹಾಗಾಗಿ ಕನ್ನಡದ ಪಾತ್ರಗಳಿಗೆ ಟಿಬೆಟ್ಟಿನ ಉತ್ತರಕ್ರಿಯೆ ಮಾಡಿಸುವ ಕಥೆ ಬರೆಯಲು ತರಬೇತಿ ಕೊಡುತ್ತಿದ್ದೇನೆ.

ಇನ್ನು ಫ್ಯಾನ್ ಫಿಕ್ಷನ್. ಯಾರೋ ಹೆತ್ತ ಪಾತ್ರವನ್ನು ದತ್ತುಪತ್ರದ ಗೊಡವೆಯಿಲ್ಲದೆ ಮನೆಗೆ ಕರೆತಂದು, ಹೆಸರು ಹಾಗೇ ಉಳಿಸಿ ಹಣೆಬರಹ ತಿದ್ದುವುದಕ್ಕೆ ಆ ಹೆಸರು. ಇದನ್ನು ಇಂಟರ್‌ನೆಟ್ಟಿನ ಮಕ್ಕಳು ಕಂಡುಹಿಡಿದರೆಂಬುದು ತಪ್ಪು ಕಲ್ಪನೆ. ಕಡೂರು ತಾಲ್ಲೂಕಿನ ದೇವನೂರಿನಲ್ಲಿ ಕೂತು ಲಕ್ಷ್ಮೀಶ ವಾರ್ಧಕ ಷಟ್ಪದಿಯಲ್ಲಿ ‘ಜೈಮಿನಿ ಭಾರತ’ ಬರೆದದ್ದು ಮತ್ತೇನು? ವ್ಯಾಸರ ಯುದ್ಧ ಮುಗಿದಿತ್ತು, ಸತ್ತವರು ಸತ್ತಿದ್ದರು. ಇವರು ಉಳಿದವರಿಗೆ ಒಂದು ಕುದುರೆ ಕೊಟ್ಟು ಮತ್ತೆ ಊರೂರು ಸುತ್ತಿಸಿದರು. ಅರ್ಜುನ ಸ್ವಂತ ಮಗ ಬಭ್ರುವಾಹನನ ಬಾಣಕ್ಕೆ ಸಾಯುತ್ತಾನೆ, ನಾಗಲೋಕದಿಂದ ಮಣಿ ತರಿಸಿದ ಮೇಲೆ ಎದ್ದು ಕೂರುತ್ತಾನೆ. ಅಭಿಮಾನಿಗೆ ತನ್ನ ನಾಯಕ ಸಾಯುವುದೂ ಬೇಕು, ಉಳಿಯುವುದೂ ಬೇಕು. ಈ ಕಾಯಿಲೆಗೆ ಮೊದಲ ಮದ್ದು ಅರೆದದ್ದು ನಮ್ಮ ಕಡೂರು.

ತರೀಕೆರೆಯೂ ಹಿಂದೆ ಬಿದ್ದಿಲ್ಲ. ಅಮೃತಾಪುರದ ಅಮೃತೇಶ್ವರ ದೇವಸ್ಥಾನ 1196ರದು, ಇಮ್ಮಡಿ ವೀರಬಲ್ಲಾಳನ ದಂಡನಾಯಕ ಕಟ್ಟಿಸಿದ್ದು. ಅಲ್ಲಿನ ಶಾಸನದ ಪದ್ಯಗಳು ಸ್ವತಃ ಜನ್ನನವು. ಮಂಟಪದ ಹೊರಗೋಡೆಯ ಮೇಲೆ 140 ಚೌಕಗಳಲ್ಲಿ ರಾಮಾಯಣ, ಭಾಗವತ, ಭಾರತ ಕೆತ್ತಿದ್ದಾರೆ. ಕೃಷ್ಣನ ಕಥೆ, ಪಾಂಡವರ ಕಥೆ ಪ್ರದಕ್ಷಿಣೆಯ ದಿಕ್ಕಿನಲ್ಲಿ ಸಾಗಿದರೆ ರಾಮಾಯಣದ 70 ಚೌಕಗಳು ಮಾತ್ರ ಅಪ್ರದಕ್ಷಿಣವಾಗಿ ಓಡುತ್ತವೆ. ಹೊಯ್ಸಳರಲ್ಲಿ ಇದು ಅಪರೂಪ. ಸತ್ತವರ ಸುತ್ತ ನಾವು ಅಪ್ರದಕ್ಷಿಣವಾಗಿ ಬರುತ್ತೇವೆ. ಟಿಬೆಟ್ಟಿನ ಹಳೆಯ ಬೋನ್ ಪಂಥದವರು ತಮ್ಮ ಪವಿತ್ರ ಸ್ಥಳಗಳನ್ನು ಸುತ್ತುವುದೂ ಅಪ್ರದಕ್ಷಿಣವಾಗಿಯೇ. ಆದ್ದರಿಂದ ಅಮೃತಾಪುರದ ಶಿಲ್ಪಿ ಲಾಸಾದಿಂದ ಬೀರೂರು ಮಾರ್ಗವಾಗಿ ಬಂದವನೆಂದು ನಾನು ಸಿದ್ಧಪಡಿಸಿದ್ದೇನೆ. ಇತಿಹಾಸಕಾರರು ಇದನ್ನು ಒಪ್ಪುವುದಿಲ್ಲ. ಅವರಲ್ಲಿ ಒಬ್ಬರೂ ನನ್ನ ತರಬೇತಿಗೆ ಶುಲ್ಕ ಕಟ್ಟಿದವರಲ್ಲ.

ತರಬೇತಿಗೆ ಮೂವರು ಸೇರಿದರು. ಬಿ.ಎಡ್. ಮುಗಿಸಿದ ಹುಡುಗಿ, ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವ ಹುಡುಗ, ನಿವೃತ್ತ ಗುಮಾಸ್ತರೊಬ್ಬರು. ವಿಷಯದ ಗಾಂಭೀರ್ಯಕ್ಕೆ ತಕ್ಕಂತೆ ಮೂವರಿಗೂ ಕರಿ ಅಂಗಿ ಹಾಕಿಸಿ ಕೆರೆ ಏರಿಯ ಮೇಲೆ ನಿಲ್ಲಿಸಿ ಫೋಟೋ ತೆಗೆಸಿದೆ. ನೋಡಿದವರೆಲ್ಲ ನಾಲಿಗೆ ಹೊರಳಿಸುವ ಒಂದು ಹಳೇ ಮಾತನ್ನು ಜೋರಾಗಿ, ತೊದಲದೆ ಹೇಳಲು ಯತ್ನಿಸಿ ಸೋತರು. ಅದು ನಮ್ಮ ಪಠ್ಯಕ್ರಮಕ್ಕೆ ಹೊರತಾದ ವಿಷಯ.

ಮೊದಲ ಪಾಠ ಸಿದ್ಧಾಂತ. ಟಿಬೆಟ್ಟಿನ ಆಕಾಶ ಸಮಾಧಿಗೆ ಅವರ ಭಾಷೆಯಲ್ಲಿ ‘ಜಾತೋರ್’ ಎನ್ನುತ್ತಾರೆ. ಅರ್ಥ, ಹಕ್ಕಿಗಳಿಗೆ ಇಡುವ ದಾನ. ಶವವನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಕೆಲವು ದಿನ ಮನೆಯಲ್ಲಿ ಇಟ್ಟು ಪಾರಾಯಣ ಮಾಡಿಸುತ್ತಾರೆ. ಜೋಯಿಸರು ಹೇಳಿದ ಗಳಿಗೆಯಲ್ಲಿ ಬೆಟ್ಟದ ಮೇಲಿನ ಬಂಡೆಗೆ ಒಯ್ದು ಧೂಪದ ಹೊಗೆ ಹಾಕುತ್ತಾರೆ. ರೋಗ್ಯಾಪ ಎಂಬ ಕಸುಬಿನವರು ದೇಹವನ್ನು ಬಿಡಿಸಿ, ಮೂಳೆಯನ್ನು ಕುಟ್ಟಿ ಹುರಿದ ಬಾರ್ಲಿ ಹಿಟ್ಟಿನ ಜೊತೆ ಕಲಸಿ ರಣಹದ್ದುಗಳಿಗೆ ಕೊಡುತ್ತಾರೆ. ಬಿಟ್ಟುಹೋದ ದೇಹ ಇನ್ನೊಂದು ಜೀವದ ಹೊಟ್ಟೆಗೆ ಬೀಳಲಿ ಎಂಬುದು ಭಾವ. ಕಾರಣ ಇನ್ನೂ ಸರಳ. ನೆಲ ಬಂಡೆಯಂತೆ ಹೆಪ್ಪುಗಟ್ಟಿರುತ್ತದೆ, ಅಗೆಯಲಾಗದು. ಆ ಎತ್ತರದಲ್ಲಿ ಮರವಿಲ್ಲ, ಸುಡಲು ಸೌದೆ ಸಾಲದು. ಇರುವ ಸೌದೆ ದೊಡ್ಡ ಲಾಮಾಗಳಿಗೆ. ಹೊಳೆ ಹತ್ತಿರವಿರುವ ಕಡೆ ನೀರಿಗೆ ಬಿಡುವುದೂ ಉಂಟು.

‘ಸರ್, ನಮ್ಮಲ್ಲಿ ಕೆಂಪು ಮಣ್ಣು, ಗುದ್ದಲಿ ಹಾಕಿದರೆ ಬೆಣ್ಣೆ. ಸೌದೆಗೂ ಬರವಿಲ್ಲ’ ಎಂದ ಮಂಡಿ ಹುಡುಗ. ಭೂಗೋಳವನ್ನು ಕಥೆಯೊಳಗೆ ತರಬಾರದೆಂದು ಎಚ್ಚರಿಸಿದೆ.

ಎರಡನೆಯದು ಪ್ರಯೋಗ. ಬಿ.ಎಡ್. ಹುಡುಗಿ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯ ನಾಯಿ ಹುಲಿಯನಿಗೆ ಆಕಾಶ ಸಮಾಧಿ ಮಾಡಿಸುವ ಯೋಜನೆ ತಂದಳು. ಹುಲಿಯ ತುಂಬಿದ ಹೊಳೆಯಲ್ಲಿ ಕೊಚ್ಚಿಹೋಗುತ್ತದೆ. ಅದು ಜಲಸಮಾಧಿ, ಟಿಬೆಟ್ಟಿನಲ್ಲೂ ಮಾನ್ಯ, ಮೂಲ ಲೇಖಕರೇ 1967ರಲ್ಲಿ ವಿಧಿವತ್ತಾಗಿ ಮುಗಿಸಿದ್ದಾರೆ, ಎರಡು ಸಲ ಕ್ರಿಯೆ ಮಾಡುವಂತಿಲ್ಲ ಎಂದು ಅರ್ಜಿ ತಿರಸ್ಕರಿಸಿದೆ. ಮಂಡಿ ಹುಡುಗ ತೇಜಸ್ವಿಯವರ ‘ಕರ್ವಾಲೊ’ ಕಾದಂಬರಿಯ ಮಂದಣ್ಣನನ್ನು ಆರಿಸಿಕೊಂಡ. ಮಂದಣ್ಣ ಕಾದಂಬರಿಯಲ್ಲಿ ಸಾಯುವುದೇ ಇಲ್ಲವಲ್ಲ ಎಂದರೆ, ‘ನಾನು ಸಾಯಿಸ್ತೀನಿ ಸರ್’ ಎಂದ. ಅಭಿಮಾನ ಅಂದರೆ ಇದು. ಆದರೂ ಒಪ್ಪಲಿಲ್ಲ. ಆ ಪುಸ್ತಕದ ಕೊನೆಯಲ್ಲಿ ಹಾರುವ ಓತಿ ಕಣಿವೆಯ ಆಕಾಶಕ್ಕೆ ತೇಲಿಹೋಗುತ್ತದೆ. ಅದಕ್ಕಿಂತ ಅಚ್ಚುಕಟ್ಟಾಗಿ ಆಕಾಶಕ್ಕೆ ಒಪ್ಪಿಸುವುದು ಯಾವ ರೋಗ್ಯಾಪನಿಗೂ ಆಗದು.

ಗುಮಾಸ್ತರದು ಉತ್ತಮ ಯೋಜನೆ. ಟಿಬೆಟಿಯನ್ನರ ಪ್ರಕಾರ ಸತ್ತವರು ಮತ್ತೆ ಹುಟ್ಟುವ ಮುಂಚೆ ‘ಬಾರ್ದೋ’ ಎಂಬ ನಡುಸ್ಥಿತಿಯಲ್ಲಿ 49 ದಿನದವರೆಗೂ ಅಲೆಯಬಹುದು. ಟೀವಿ ಧಾರಾವಾಹಿಯ ಅತ್ತೆಯೊಬ್ಬಳನ್ನು ಗುಮಾಸ್ತರು ಅಲ್ಲಿಗೆ ಕಳಿಸಿದರು. ದಿನಕ್ಕೊಂದು ಕಂತು. ಸೊಸೆ ಮನೆಯಲ್ಲಿ ಏನು ಮಾಡುತ್ತಿದ್ದಾಳೆಂದು ಅತ್ತೆಗೆ ಕಾಣುತ್ತದೆ, ಬಯ್ಯಲು ಬಾಯಿಲ್ಲ. ಇದಕ್ಕೆ ಅಂತಾರಾಷ್ಟ್ರೀಯ ಪೂರ್ವನಿದರ್ಶನವೂ ಇದೆ: ಅಮೆರಿಕದ ಜಾರ್ಜ್ ಸಾಂಡರ್ಸ್ ಅಬ್ರಹಾಂ ಲಿಂಕನ್ನರ ಸತ್ತ ಮಗನನ್ನು ಬಾರ್ದೋದಲ್ಲಿ ಇರಿಸಿ ಬರೆದ ಕಾದಂಬರಿಗೆ 2017ರ ಬೂಕರ್ ಬಂತು. ನಮ್ಮ ಗುಮಾಸ್ತರ ಅತ್ತೆ 212ನೇ ಕಂತಿನಲ್ಲೂ ಮರುಹುಟ್ಟು ಪಡೆದಿಲ್ಲ. ಬಿಡುಗಡೆ ಮಾಡಿಸಿ ಎಂದರೆ, ‘ಈಗ ತಾನೇ ರುಚಿ ಹತ್ತಿದೆ’ ಎನ್ನುತ್ತಾರೆ.

ಮೂರನೆಯ ಪಾಠದಲ್ಲಿ ಎಡವಿದೆವು. ರಣಹದ್ದು ಬೇಕು. ತರೀಕೆರೆಯಲ್ಲಿ ಅಡಿಕೆ ಸಿಗುತ್ತದೆ, ತೆಂಗು ಸಿಗುತ್ತದೆ, ಲಕ್ಕವಳ್ಳಿಯಲ್ಲಿ ಭದ್ರಾ ಅಣೆಕಟ್ಟೆಯೇ ಸಿಗುತ್ತದೆ. ರಣಹದ್ದು ಸಿಗುವುದಿಲ್ಲ. ದನಗಳ ನೋವಿಗೆ ಚುಚ್ಚುತ್ತಿದ್ದ ಡೈಕ್ಲೋಫೆನಾಕ್ ಎಂಬ ಔಷಧ, ಸತ್ತ ದನದ ಮಾಂಸದ ಮೂಲಕ ಹದ್ದಿನ ಹೊಟ್ಟೆ ಸೇರಿ ಮೂತ್ರಪಿಂಡ ಕೆಡಿಸಿತು. ದೇಶದ ತುಂಬ ರಣಹದ್ದುಗಳು ಉದುರಿದವು. 2006ರಲ್ಲಿ ಪಶುವೈದ್ಯದಲ್ಲಿ ಅದನ್ನು ನಿಷೇಧಿಸುವ ಹೊತ್ತಿಗೆ ಬಹುಪಾಲು ಅಳಿದಿದ್ದವು. ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ಹದ್ದುಗಳಿಗೆಂದೇ ಅಭಯಧಾಮ ಮಾಡಿದರು. ‘ಶೋಲೆ’ ಚಿತ್ರೀಕರಣ ನಡೆದ ಬೆಟ್ಟ ಅದೇ. ಅಲ್ಲಿಂದ ಕಥೆಗೆ ಒಂದೆರಡನ್ನು ಎರವಲು ತರೋಣವೆಂದರೆ ಇಲಾಖೆಗೆ ಯಾವ ನಮೂನೆಯಲ್ಲಿ ಅರ್ಜಿ ಹಾಕಬೇಕೆಂದು ಗುಮಾಸ್ತರಿಗೂ ತಿಳಿಯಲಿಲ್ಲ. ‘ಹದ್ದಿಗೆ ಬದಲು ಕಾಗೆ ನಡೆಯುತ್ತಾ ಸರ್?’ ಎಂದು ಹುಡುಗಿ ಕೇಳಿದಳು. ಕಾಗೆಯಲ್ಲಿ ಗಾಂಭೀರ್ಯವಿಲ್ಲ, ಅಂತಾರಾಷ್ಟ್ರೀಯ ಓದುಗರು ಒಪ್ಪುವುದಿಲ್ಲ ಎಂದು ಕೈಬಿಟ್ಟೆ.

ಮೂಲದವರನ್ನೇ ಕೇಳಿ ಬಿಡೋಣವೆಂದು ಹಾಸನ, ಅರಕಲಗೂಡು, ಕುಶಾಲನಗರದ ಮೇಲೆ ಬೈಲುಕುಪ್ಪೆಗೆ ಕ್ಷೇತ್ರಕಾರ್ಯಕ್ಕೆ ಹೋದೆವು. ಅರವತ್ತರ ದಶಕದ ಮೊದಲಲ್ಲಿ ಮೈಸೂರು ಸರ್ಕಾರ ಕೊಟ್ಟ ಕಾಡು ಕಡಿದು ಕಟ್ಟಿದ ಊರು ಅದು. ಸ್ವರ್ಣಮಂದಿರದಲ್ಲಿ ಅರವತ್ತು ಅಡಿಯ ಬುದ್ಧ, ಪಕ್ಕದಲ್ಲೇ ಪದ್ಮಸಂಭವ. ಆತ ಗುಡ್ಡಗಳಲ್ಲಿ ಹುದುಗಿಸಿಟ್ಟ ಗ್ರಂಥಗಳನ್ನು ಶತಮಾನಗಳ ಮೇಲೆ ಹೊರತೆಗೆಯುವರೆಂದು ನಂಬಿಕೆ. ‘ಬಾರ್ದೋ ತೊಡೋಲ್’ ಹಾಗೆ 14ನೇ ಶತಮಾನದಲ್ಲಿ ಸಿಕ್ಕಿದ್ದು. ಸತ್ತವರ ಪಕ್ಕ ಕೂತು ಓದಿ ದಾರಿ ಹೇಳುವ ಪುಸ್ತಕ. ಅಭಿಮಾನಿ ಲೇಖಕರು ಗಮನಿಸಬೇಕು: ‘ನಾನು ಬರೆದದ್ದಲ್ಲ, ಕೆಮ್ಮಣ್ಣುಗುಂಡಿಯಲ್ಲಿ ಸಿಕ್ಕಿತು’ ಎಂದರೆ ಕೃತಿಸ್ವಾಮ್ಯದ ರಗಳೆಯೇ ಇಲ್ಲ.

ಥುಕ್ಪಾ ಅಂಗಡಿಯ ಅಜ್ಜನನ್ನು ಕೇಳಿದೆ, ‘ಇಲ್ಲಿ ಜಾತೋರ್ ಎಲ್ಲಿ ಮಾಡ್ತೀರಿ?’ ಅಜ್ಜ ಪಿರಿಯಾಪಟ್ಟಣದ ಕನ್ನಡದಲ್ಲಿ, ‘ಅದೆಲ್ಲ ಇಲ್ಲೆಲ್ಲಿ? ನಾವು ಸುಡ್ತೀವಿ’ ಎಂದರು.

‘ಸುಡ್ತೀರಾ?’

‘ಮತ್ತೆ? ಹದ್ದಿಲ್ಲ, ಹಿಮ ಇಲ್ಲ. ಸೌದೆ ಇದೆ. ನೀವು ಸುಡೋ ಹಾಗೇ ಸುಡ್ತೀವಿ. ಪಾರಾಯಣ ಮಾತ್ರ 49 ದಿನ ಮಾಡಿಸ್ತೀವಿ, ವಾರಕ್ಕೊಂದು ದಿನ ದೊಡ್ಡದು.’ ಬಟ್ಟಲು ಒರೆಸುತ್ತಾ ಕೇಳಿದರು, ‘ನಿಮ್ಮನೇಲಿ ಯಾರಾದ್ರೂ ಹೋಗಿದಾರಾ?’

‘ದೊಡ್ಡಪ್ಪ. ಹೋದ ವರ್ಷ.’

‘ಎಷ್ಟು ದಿನ ಇದ್ರಿ ಅಲ್ಲಿ?’

ಮಣ್ಣು ಮಾಡಿದ ಸಂಜೆಯೇ ಹೊರಟೆ, ಹನ್ನೊಂದಕ್ಕೂ ಹೋಗಲಾಗಲಿಲ್ಲ, ಟಿಬೆಟ್ಟಿನ ಉತ್ತರಕ್ರಿಯೆಯ ಬಗ್ಗೆ ಟಿಪ್ಪಣಿ ಸಿದ್ಧಪಡಿಸುವುದಿತ್ತು ಎಂದೆ. ಅಜ್ಜ ಇನ್ನೊಂದು ಬಟ್ಟಲು ತೆಗೆದುಕೊಂಡು ಒರೆಸತೊಡಗಿದರು. ಸಂದರ್ಶನ ಅಲ್ಲಿಗೆ ಮುಗಿಯಿತು.

ಹೀಗಾಗಿ ಪರ್ಯಾಯ ಸಂಶೋಧನೆಯ ಅಂಗವಾಗಿ ದೊಡ್ಡಪ್ಪನ ವರ್ಷದ ತಿಥಿಗೆ ಹೋದೆ. ಹಿತ್ತಿಲಲ್ಲಿ ಬಾಳೆ ಎಲೆಯ ಮೇಲೆ ಅನ್ನದ ಉಂಡೆ, ಎಳ್ಳು, ಉದ್ದಿನ ವಡೆ ಇಟ್ಟು ಎಲ್ಲರೂ ಹತ್ತು ಹೆಜ್ಜೆ ಹಿಂದೆ ನಿಂತಿದ್ದರು. ಕಾಗೆ ತೆಂಗಿನ ಗರಿಯ ಮೇಲಿತ್ತು. ಇಳಿಯಲಿಲ್ಲ. ಹತ್ತು ನಿಮಿಷವಾಯಿತು. ಹಸಿದವರು ಪಿಸುಗುಟ್ಟತೊಡಗಿದರು.

‘ಸಣ್ಣ ಮಗಳ ಮದುವೆ ಬಗ್ಗೆ ಚಿಂತೆ ಇತ್ತು’ ಎಂದರು ಚಿಕ್ಕಪ್ಪ. ಮಗ ಮುಂದೆ ಬಂದು ಕೈಮುಗಿದ, ‘ಮಾಡ್ತೀವಪ್ಪ, ಬರೋ ವರ್ಷವೇ ಮಾಡ್ತೀವಿ.’ ಕಾಗೆ ಕತ್ತು ಓರೆ ಮಾಡಿತು, ಇಳಿಯಲಿಲ್ಲ. ‘ಕೆರೆ ಕೆಳಗಿನ ಗದ್ದೆ ಮಾರಬೇಡಿ ಅಂದಿದ್ರು’ ಎಂದರು ಮತ್ತೊಬ್ಬರು. ಅಣ್ಣತಮ್ಮಂದಿರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ‘ಮಾರಲ್ಲ’ ಎಂದರು. ಯಾರೋ ಬೀಡಿಕಟ್ಟು ತಂದು ವಡೆಯ ಪಕ್ಕ ಇಟ್ಟರು. ಬೆಂಕಿಪೊಟ್ಟಣ ಬೇಡವೇ ಎಂಬ ಚರ್ಚೆಯೂ ಆಯಿತು.

ನಾನು ಟಿಪ್ಪಣಿ ಬರೆದುಕೊಳ್ಳುತ್ತಿದ್ದೆ: ಪಾತ್ರ ಎಲ್ಲರಿಗೂ ಗೊತ್ತಿರುವುದು, ಮೂಲ ಲೇಖಕ ಲಭ್ಯವಿಲ್ಲ, ಬಿಟ್ಟುಹೋದ ಆಸೆಯನ್ನು ಪ್ರತಿಯೊಬ್ಬರೂ ತಮ್ಮ ತಮ್ಮ ಕಡೆಯಿಂದ ತುಂಬುತ್ತಿದ್ದಾರೆ, ವಿಮರ್ಶಕ ತೆಂಗಿನ ಗರಿಯ ಮೇಲೆ ಕೂತಿದ್ದಾನೆ. ಒಳಗೆ ಯಾರೋ ಗರುಡ ಪುರಾಣದ ಮಾತೆತ್ತಿದರು. ಹಕ್ಕಿಯ ಹೆಸರಿನ, ಸತ್ತವರ ಮನೆಯಲ್ಲಿ ಓದುವ ಆ ಪುಸ್ತಕ ನಮ್ಮ ಮನೆಯಲ್ಲೇ ಇತ್ತು. ಟಿಪ್ಪಣಿಯಲ್ಲಿ ಅದಕ್ಕೆ ಅಡಿಗೆರೆ ಎಳೆದೆ.

ಆಗ ದೊಡ್ಡಮ್ಮ ನನ್ನ ಕಡೆ ಬೆರಳು ಮಾಡಿದರು. ‘ಇವನು ಬರಲಿಲ್ಲ ಅಂತ ಸಿಟ್ಟು ಕಣ್ರೋ. ಕೊನೇ ವಾರವೆಲ್ಲ ಇವನನ್ನೇ ಕೇಳ್ತಿದ್ರು.’

ಎಲ್ಲರೂ ನನ್ನತ್ತ ತಿರುಗಿದರು. ಟಿಪ್ಪಣಿ ಪುಸ್ತಕ ಜೇಬಿಗೆ ಹಾಕಿ ಮುಂದೆ ಹೋದೆ. ಏನು ಹೇಳಬೇಕೆಂದು ನನ್ನ ಪಠ್ಯಕ್ರಮದಲ್ಲಿ ಇರಲಿಲ್ಲ. ‘ಬಂದಿದೀನಿ ದೊಡ್ಡಪ್ಪ’ ಎಂದೆ.

ಕಾಗೆ ಇಳಿಯಿತು. ಅದು ಬಂದದ್ದು ಉದ್ದಿನ ವಡೆಗೆ ಎಂಬುದು ನನ್ನ ಶಾಸ್ತ್ರೀಯ ಅಭಿಪ್ರಾಯ. ದೊಡ್ಡಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡದ್ದನ್ನು ಟಿಪ್ಪಣಿಯಲ್ಲಿ ಸೇರಿಸಿಲ್ಲ.

ಈ ಹಿನ್ನೆಲೆಯಲ್ಲಿ ತರಬೇತಿಯ ಪಠ್ಯಕ್ರಮವನ್ನು ಪರಿಷ್ಕರಿಸಲಾಗಿದೆ. ಟಿಬೆಟ್ಟಿನ ಪಾಠ ಆರನೇ ತಿಂಗಳಿಗೆ ಹೋಗಿದೆ. ಅದಕ್ಕೂ ಮುಂಚೆ ಪ್ರತಿ ಅಭ್ಯರ್ಥಿಯೂ ತನ್ನ ಬೀದಿಯ ಒಂದು ತಿಥಿಗೆ ಹೋಗಿ ಕೊನೆಯವರೆಗೂ ನಿಂತು ಬರತಕ್ಕದ್ದು. ಅವಸರದಲ್ಲಿ ಬರುವವರು ಮೊದಲೇ ತಿಳಿದಿರಲಿ: ಕಾಗೆ ಮುಟ್ಟುವ ತನಕ ಊಟಕ್ಕೆ ಎಲೆ ಹಾಕುವುದಿಲ್ಲ.